ಎಂಟು ಕಾಲಿನ ನೀರಗಂಟಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಗೆ ಟಿ.ವಿ. ಹೊಸದಾಗಿ ಬಂದ ಕಾಲದಲ್ಲಿ ಅದರ ಜೊತೆಗೇ ಇನ್ನೊಂದು ಪೆಟ್ಟಿಗೆಯೂ ಮನೆಗೆ ಬರುತ್ತಿತ್ತು. ಅದು ಸ್ಟೆಬಿಲೈಸರ್. ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಊರಿನ ವೋಲ್ಟೇಜು ಕುಸಿಯುತ್ತಿತ್ತು, ಬಲ್ಬು ಕೆಂಪಗೆ ಮಿಣುಕುತ್ತಿತ್ತು, ಟಿ.ವಿ. ಚಿತ್ರ ಅಂಚುಗಳಿಂದ ಒಳಕ್ಕೆ ಕುಗ್ಗುತ್ತಿತ್ತು. ಸ್ಟೆಬಿಲೈಸರ್ ಒಳಗಿನ ರಿಲೇ ‘ಟಕ್’ ಎಂದಮೇಲೆ ಚಿತ್ರ ಸರಿಹೋಗುತ್ತಿತ್ತು. ಹಳ್ಳಿಗಳಲ್ಲಿ ವೋಲ್ಟೇಜಿನ ಏರಿಳಿತ ಈಗಲೂ ಪೂರ್ತಿ ನಿಂತಿಲ್ಲ. ಆದರೆ ಟಿ.ವಿ. ಪಕ್ಕದ ಸ್ಟೆಬಿಲೈಸರ್ ಹೆಚ್ಚುಕಡಿಮೆ ಕಾಣೆಯಾಗಿದೆ. ಮೊಬೈಲ್ ಚಾರ್ಜರಿನ ಬೆನ್ನಿಗೆ ಅಚ್ಚಾದ ಸಣ್ಣಕ್ಷರ ಓದಿದರೆ ಕಾರಣದ ಸುಳಿವು ಸಿಗುತ್ತದೆ: ‘100–240 ವೋಲ್ಟ್’. ಈ ಅಂತರದಲ್ಲಿ ಕರೆಂಟು ಎಲ್ಲೇ ನಿಂತರೂ ಚಾರ್ಜರಿನ ಆ ತುದಿಯಲ್ಲಿ 5 ವೋಲ್ಟ್ ಕದಲುವುದಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿ, ಹರಾಜಿನ ಕಂಪ್ಯೂಟರ್, ಮನೆಮನೆಯ ಎಲ್‌ಇಡಿ ಬಲ್ಬು, ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಕಾರು ಎಲ್ಲವೂ ಇದೇ ವಿದ್ಯೆಯನ್ನು ನಂಬಿಕೊಂಡಿವೆ. ಅದರ ಕೇಂದ್ರದಲ್ಲಿ ಒಂದು ಪುಟ್ಟ ಐಸಿ ಇರುತ್ತದೆ. ರಿಪೇರಿ ಅಂಗಡಿಗಳಲ್ಲಿ ಅದನ್ನು ‘ಎಸ್‌ಎಂಪಿಎಸ್ ಐಸಿ’ ಎನ್ನುತ್ತಾರೆ; ಎಸ್‌ಎಂಪಿಎಸ್ ಎಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ. ಹೆಚ್ಚಾದ ವಿದ್ಯುತ್ತನ್ನು ಸುಟ್ಟು ಕಳೆಯುವ ಕಾಲದಿಂದ, ಬೇಕಾದಷ್ಟನ್ನೇ ಅಳೆದು ತೆಗೆದುಕೊಳ್ಳುವ ಕಾಲಕ್ಕೆ ನಾವು ಬಂದದ್ದು ಈ ಐಸಿಯ ಮೂಲಕ.

ಸುಡುವ ಲೆಕ್ಕ

ಹಳೆಯ ಕ್ರಮಕ್ಕೆ ಲೀನಿಯರ್ ಸಪ್ಲೈ ಎಂದು ಹೆಸರು. ಕಬ್ಬಿಣದ ಪಟ್ಟಿಗಳ ಭಾರದ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತದೆ, ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಆಮೇಲೆ ಒಂದು ಟ್ರಾನ್ಸಿಸ್ಟರ್ ನಡುವೆ ನಿಂತು ಹೆಚ್ಚುವರಿ ವೋಲ್ಟೇಜನ್ನು ತಾನೇ ನುಂಗುತ್ತದೆ. ನುಂಗಿದ್ದೆಲ್ಲ ಬಿಸಿಯಾಗಿ ಹೊರಬರಬೇಕು. 12 ವೋಲ್ಟಿನಿಂದ 5 ವೋಲ್ಟ್ ಪಡೆದು 2 ಆಂಪಿಯರ್ ಬಳಸುವ ಉದಾಹರಣೆ ತೆಗೆದುಕೊಳ್ಳಿ. ಒಳಗೆ ಬಂದದ್ದು 24 ವಾಟ್, ಉಪಯೋಗಕ್ಕೆ ಬಂದದ್ದು 10 ವಾಟ್. ಉಳಿದ 14 ವಾಟ್ ಬರೀ ಶಾಖ. ಅದನ್ನು ಹೊರಹಾಕಲು ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು, ಕೆಲವೊಮ್ಮೆ ಫ್ಯಾನೂ ಬೇಕು.

ಟ್ರಾನ್ಸಿಸ್ಟರನ್ನು ಅರ್ಧ ತೆರೆದು ಇಡುವುದೇ ಈ ನಷ್ಟದ ಮೂಲ. ಅದನ್ನು ಪೂರ್ತಿ ತೆರೆದರೆ ಅದರ ಮೇಲೆ ಬೀಳುವ ವೋಲ್ಟೇಜು ಸೊನ್ನೆಯ ಹತ್ತಿರ; ಪೂರ್ತಿ ಮುಚ್ಚಿದರೆ ಅದರಲ್ಲಿ ಹರಿಯುವ ಕರೆಂಟು ಸೊನ್ನೆಯ ಹತ್ತಿರ. ಶಾಖವೆಂದರೆ ಇವೆರಡರ ಗುಣಾಕಾರ. ಹಾಗಾಗಿ ಎರಡೂ ಸ್ಥಿತಿಯಲ್ಲಿ ನಷ್ಟ ತೀರಾ ಕಡಿಮೆ. ಮಾಗಡಿ ಸೀಮೆಯ ಕೆರೆಗಳಲ್ಲಿ ನೀರಗಂಟಿ ಮಾಡುತ್ತಿದ್ದ ಕೆಲಸವೂ ಇದೇ: ಗದ್ದೆಯಲ್ಲಿ ನೀರು ಎಷ್ಟಿದೆ ಎಂದು ನೋಡುವುದು, ಬೇಕಾದಷ್ಟು ಹೊತ್ತು ತೂಬು ತೆರೆಯುವುದು, ಸಾಕಾದಾಗ ಮುಚ್ಚುವುದು. 12ರಿಂದ 5 ಬೇಕಿದ್ದರೆ ಒಟ್ಟು ಸಮಯದ ಸುಮಾರು ಶೇ 42ರಷ್ಟು ಹೊತ್ತು ತೆರೆದಿಟ್ಟರಾಯಿತು. ಸೆಕೆಂಡಿಗೆ 50 ಸಾವಿರ ಸಲ ತೆರೆದು ಮುಚ್ಚುವುದಾದರೆ ಪ್ರತಿ ಸುತ್ತಿಗೆ 20 ಮೈಕ್ರೊಸೆಕೆಂಡ್. ಅದರಲ್ಲಿ ತೆರೆದಿರುವುದು 8.3 ಮೈಕ್ರೊಸೆಕೆಂಡ್. ಬಿಟ್ಟುಬಿಟ್ಟು ಬರುವ ಈ ಏಟುಗಳನ್ನು ಚೋಕ್ ಮತ್ತು ಕೆಪಾಸಿಟರ್ ಸೇರಿ ಒಂದೇ ಮಟ್ಟಕ್ಕೆ ತರುತ್ತವೆ.

ವೇಗ ಹೆಚ್ಚಿಸಿದ್ದಕ್ಕೆ ಇನ್ನೊಂದು ಲಾಭವೂ ಸಿಕ್ಕಿತು. ಆವರ್ತನ ಏರಿದಷ್ಟೂ ಅದೇ ವಾಟಿಗೆ ಬೇಕಾದ ಟ್ರಾನ್ಸ್‌ಫಾರ್ಮರಿನ ಗಾತ್ರ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ ಕಿಲೋಗಟ್ಟಲೆ ಕಬ್ಬಿಣ ಬೇಡುವ ಕೆಲಸ 50 ಸಾವಿರ ಹರ್ಟ್ಸ್‌ನಲ್ಲಿ ಅಂಗೈ ಅಗಲದ ಫೆರೈಟ್ ತಿರುಳಿನಲ್ಲಿ ಮುಗಿಯುತ್ತದೆ. ಅಷ್ಟು ವೇಗದಲ್ಲಿ ಕಬ್ಬಿಣದ ಪಟ್ಟಿ ತಾನೇ ಕಾದು ಕೆಡುತ್ತದೆ. ಫೆರೈಟ್ ಹಾಗಲ್ಲ. ಅದನ್ನು 1940ರ ದಶಕದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಎಂಬ ವಿಜ್ಞಾನಿ ರೂಪಿಸಿಟ್ಟಿದ್ದರು.

ಚೂರುಗಳು ಒಂದೆಡೆ ಸೇರಿದ್ದು

ತೆರೆದು ಮುಚ್ಚುವ ಉಪಾಯ ಗೊತ್ತಿದ್ದದ್ದೇ. ಟ್ರಾನ್ಸಿಸ್ಟರ್ ಬರುವ ಮೊದಲು ಕಾರಿನ ವಾಲ್ವ್ ರೇಡಿಯೊಗಳಲ್ಲಿ ಗುಂಯ್‌ಗುಡುವ ಲೋಹದ ವೈಬ್ರೇಟರ್ ಈ ಕೆಲಸ ಮಾಡುತ್ತಿತ್ತು. 1950ರ ದಶಕದ ನಡುವಿನಲ್ಲಿ ಜಾರ್ಜ್ ರಾಯರ್ ಎಂಬ ಅಮೆರಿಕನ್ ಎಂಜಿನಿಯರ್ ಎರಡು ಟ್ರಾನ್ಸಿಸ್ಟರು, ಒಂದು ಟ್ರಾನ್ಸ್‌ಫಾರ್ಮರು ಇಟ್ಟುಕೊಂಡು ತಾನಾಗಿ ಬಡಿಯುವ ಸರ್ಕ್ಯೂಟ್ ಮಾಡಿದರು. 1960ರ ದಶಕದಲ್ಲಿ ಉಪಗ್ರಹಗಳಿಗೆ ಇದು ಅನಿವಾರ್ಯವಾಯಿತು. ಅಲ್ಲಿ ಪ್ರತಿ ಗ್ರಾಮ್ ತೂಕಕ್ಕೂ ಪ್ರತಿ ವಾಟಿಗೂ ಬೆಲೆ ಇತ್ತು, ಆ ಬೆಲೆ ಕೊಡುವವರೂ ಇದ್ದರು. 1970ರಲ್ಲಿ ರಾಬರ್ಟ್ ಬೊಷರ್ಟ್ ಕ್ಯಾಲಿಫೋರ್ನಿಯಾದಲ್ಲಿ ಭಾಗಗಳ ಸಂಖ್ಯೆ ಇಳಿಸಿ ಅಗ್ಗದ ಸ್ವಿಚಿಂಗ್ ಸಪ್ಲೈ ಮಾಡುವ ಕೆಲಸಕ್ಕೆ ಕೈಹಾಕಿದರು. 1972ರಲ್ಲಿ ಬಂದ ಎಚ್‌ಪಿ-35 ಕ್ಯಾಲ್ಕುಲೇಟರಿನೊಳಗೂ ಇಂಥದ್ದೊಂದು ಸಪ್ಲೈ ಇತ್ತು.

ಆದರೆ ತೂಬಿನ ಬಳಿ ನಿಂತು ನೋಡಿಕೊಳ್ಳುವ ಭಾಗ ಆಗಿನ್ನೂ ಚೆಲ್ಲಾಪಿಲ್ಲಿಯಾಗಿತ್ತು. ಮಟ್ಟ ನೋಡಲು ಒಂದು ಆಂಪ್ಲಿಫೈಯರ್, ಅಳತೆಗೋಲಾಗಿ ಒಂದು ಜೀನರ್ ಡಯೋಡ್, ತಾಳ ಹಾಕಲು ಒಂದು ಆಸಿಲೇಟರ್, ಎರಡನ್ನು ಹೋಲಿಸಲು ಕಂಪ್ಯಾರೇಟರ್, ಅಪಾಯ ಬಂದರೆ ಮುಚ್ಚಲು ಇನ್ನಷ್ಟು ಟ್ರಾನ್ಸಿಸ್ಟರುಗಳು. ಪ್ರತಿ ಕಂಪನಿಯೂ ತನ್ನದೇ ಬಗೆಯಲ್ಲಿ ಇವನ್ನೆಲ್ಲ ಬೋರ್ಡಿನ ಮೇಲೆ ಬೆಸೆದು, ಬೋರ್ಡ್ ಬೋರ್ಡಿಗೂ ಶ್ರುತಿ ಮಾಡಬೇಕಿತ್ತು.

1976ರಲ್ಲಿ ಸಿಲಿಕಾನ್ ಜನರಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ಮಮ್ಮಾನೊ ಈ ಚೂರುಗಳನ್ನೆಲ್ಲ ಒಂದೇ ಸಿಲಿಕಾನ್ ತುಂಡಿನ ಮೇಲೆ ತಂದರು. ಚಿಪ್ಪಿನ ಹೆಸರು ಎಸ್‌ಜಿ1524. ಹದಿನಾರು ಕಾಲು. ಒಳಗೆ 5 ವೋಲ್ಟಿನ ರೆಫರೆನ್ಸ್, ಗರಗಸದ ಹಲ್ಲಿನಂತೆ ಏರಿ ಇಳಿಯುವ ಅಲೆ ಹುಟ್ಟಿಸುವ ಆಸಿಲೇಟರ್, ತಪ್ಪನ್ನು ಅಳೆಯುವ ಎರರ್ ಆಂಪ್ಲಿಫೈಯರ್, ಕಂಪ್ಯಾರೇಟರ್, ಏಟುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಂಚುವ ಫ್ಲಿಪ್‌ಫ್ಲಾಪ್, ಕೊನೆಯಲ್ಲಿ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್. ಔಟ್‌ಪುಟ್ ವೋಲ್ಟೇಜು ಇಳಿದರೆ ಎರರ್ ಆಂಪ್ಲಿಫೈಯರಿನ ಮಟ್ಟ ಏರುತ್ತದೆ. ಗರಗಸದ ಅಲೆ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಕು. ಅಷ್ಟೂ ಹೊತ್ತು ಟ್ರಾನ್ಸಿಸ್ಟರ್ ತೆರೆದಿರುತ್ತದೆ. ಇಷ್ಟೇ ತತ್ವ. ಮರುವರ್ಷ ಬಂದ ಆಪಲ್-2 ಕಂಪ್ಯೂಟರಿನ ಹೆಸರುವಾಸಿ ಸಪ್ಲೈಯನ್ನು ರಾಡ್ ಹೋಲ್ಟ್ ಬಿಡಿಬಿಡಿ ಟ್ರಾನ್ಸಿಸ್ಟರುಗಳಿಂದಲೇ ಕಟ್ಟಿದ್ದರು. ಆದರೆ ದಾರಿ ಯಾವುದೆಂದು ಅಷ್ಟರಲ್ಲಿ ನಿರ್ಧಾರವಾಗಿತ್ತು.

ಅಳತೆಗೋಲು ಕದಲಬಾರದು

ಚಿಪ್ಪಿನೊಳಗೆ ಎಲ್ಲಕ್ಕಿಂತ ಕಷ್ಟದ ಕೆಲಸ ರೆಫರೆನ್ಸಿನದು. ಮಟ್ಟ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ ಕದಲದ ಒಂದು ಗುರುತು ಬೇಕು. ಸಿಲಿಕಾನಿನಲ್ಲಿ ಎಲ್ಲವೂ ಬಿಸಿಗೆ ಕದಲುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.65 ವೋಲ್ಟ್ ಇರುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಅದು 2 ಮಿಲಿವೋಲ್ಟ್ ಇಳಿಯುತ್ತದೆ. ಫೇರ್‌ಚೈಲ್ಡ್ ಕಂಪನಿಯ ಡೇವಿಡ್ ಹಿಲ್‌ಬೈಬರ್ 1964ರಲ್ಲಿ ತೋರಿಸಿದ ದಾರಿಯನ್ನು 1970ರ ಆಸುಪಾಸಿನಲ್ಲಿ ಬಾಬ್ ವಿಡ್ಲರ್ ಚಿಪ್ಪಿಗೆ ಒಗ್ಗಿಸಿದರು. 1974ರಲ್ಲಿ ಪಾಲ್ ಬ್ರೊಕಾ ಅದನ್ನು ಇನ್ನೂ ಸರಳ ಮಾಡಿದರು.

ಅವರ ಉಪಾಯ ಇದು. ಒಂದೇ ಕರೆಂಟನ್ನು ಒಂದು ಸಣ್ಣ ಟ್ರಾನ್ಸಿಸ್ಟರಿನಲ್ಲೂ ಅದರ ಎಂಟರಷ್ಟು ದೊಡ್ಡ ಟ್ರಾನ್ಸಿಸ್ಟರಿನಲ್ಲೂ ಹರಿಸಿದರೆ ಎರಡರ ವೋಲ್ಟೇಜಿಗೂ ನಡುವೆ ಸಾಮಾನ್ಯ ಬಿಸಿಯಲ್ಲಿ ಸುಮಾರು 54 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ಈ ವ್ಯತ್ಯಾಸ ಬಿಸಿಯ ಜೊತೆ ಏರುತ್ತದೆ. ಇಳಿಯುವ 0.65ಕ್ಕೆ ಈ ಏರುವ ವ್ಯತ್ಯಾಸವನ್ನು ಸರಿಯಾದ ಪ್ರಮಾಣದಲ್ಲಿ ದೊಡ್ಡದು ಮಾಡಿ ಕೂಡಿಸಿದರೆ ಇಳಿತಕ್ಕೆ ಏರು ಸರಿಹೋಗಿ ಮೊತ್ತ 1.2 ವೋಲ್ಟಿನ ಹತ್ತಿರ ನಿಂತುಬಿಡುತ್ತದೆ. ಮಾಗಡಿಯ ಬೇಸಿಗೆಗೂ ಡಿಸೆಂಬರಿನ ಬೆಳಗಿನ ಜಾವದ ಚಳಿಗೂ ಅದೇ ಅಂಕಿ. ಎರಡು ಅಸ್ಥಿರ ವಸ್ತುಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ಸ್ಥಿರತೆ ಪಡೆದದ್ದು, ನನ್ನ ಮಟ್ಟಿಗೆ, ಇಡೀ ಎಲೆಕ್ಟ್ರಾನಿಕ್ಸ್‌ನಲ್ಲೇ ಅತ್ಯಂತ ಚೆಲುವಾದ ಯೋಚನೆಗಳಲ್ಲಿ ಒಂದು.

3842ರ ಒಳಗೆ

ಮಮ್ಮಾನೊ ಮುಂದೆ ಯುನಿಟ್ರೋಡ್ ಕಂಪನಿ ಸೇರಿದರು. 1980ರ ದಶಕದ ಮೊದಲರ್ಧದಲ್ಲಿ ಅದೇ ಕಂಪನಿಯಿಂದ ಯುಸಿ1842 ಬಂತು. ಅದರ ಅಗ್ಗದ ರೂಪ ಯುಸಿ3842. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘3842 ಕೊಡಿ’ ಎಂದರೆ ಸಾಕು. ಎಂಟೇ ಕಾಲು. ಟಿ.ವಿ., ಮಾನಿಟರ್, ಬ್ಯಾಟರಿ ಚಾರ್ಜರ್‌ಗಳಲ್ಲಿ ಇದು ದಶಕಗಳ ಕಾಲ ದುಡಿದಿದೆ.

ಸ್ವಿಚ್ ಹಾಕಿದ ಕ್ಷಣದಿಂದ ನೋಡೋಣ. 230 ವೋಲ್ಟ್ ಎ.ಸಿ. ಡಯೋಡುಗಳನ್ನು ದಾಟಿ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿ.ಸಿ. ಆಗಿ ನಿಲ್ಲುತ್ತದೆ. ಅಲ್ಲಿಂದ ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಮೂಲಕ ಹನಿಹನಿಯಾಗಿ ಬರುವ ಕರೆಂಟು 7ನೆಯ ಕಾಲಿನ ಸಣ್ಣ ಕೆಪಾಸಿಟರನ್ನು ತುಂಬುತ್ತದೆ. ಅಲ್ಲಿ 16 ವೋಲ್ಟ್ ಆಗುವ ತನಕ ಚಿಪ್ಪು ಏಳುವುದಿಲ್ಲ; ಅಷ್ಟು ಹೊತ್ತು ಅದು ಕುಡಿಯುವುದು 1 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ. ಎದ್ದಮೇಲೆ ಖರ್ಚು ಹತ್ತಾರು ಪಟ್ಟು ಏರುತ್ತದೆ, ಹನಿ ಸಾಲದು. ಟ್ರಾನ್ಸ್‌ಫಾರ್ಮರಿನ ಒಂದು ಪುಟ್ಟ ಸುತ್ತಿನಿಂದ ಬರುವ ವೋಲ್ಟೇಜು ಆಗ ಅದನ್ನು ಸಾಕುತ್ತದೆ. 10 ವೋಲ್ಟಿಗಿಂತ ಕೆಳಗಿಳಿದರೆ ಚಿಪ್ಪು ಎಲ್ಲವನ್ನೂ ನಿಲ್ಲಿಸುತ್ತದೆ.

ರಿಪೇರಿ ಮಾಡುವವರಿಗೆ ಈ ಎರಡು ಅಂಕಿ ಬಾಯಿಪಾಠ. 7ನೆಯ ಕಾಲಿನ ಕೆಪಾಸಿಟರ್ ‘ಡ್ರೈ’ ಆಗಿದ್ದರೆ ಚಿಪ್ಪು 16ಕ್ಕೆ ಏಳುತ್ತದೆ, ಸುತ್ತಿನ ಸಪ್ಲೈ ಕೈಗೆ ಬರುವ ಮೊದಲೇ 10ಕ್ಕೆ ಕುಸಿಯುತ್ತದೆ, ಮಲಗುತ್ತದೆ, ಮತ್ತೆ ತುಂಬಿಕೊಂಡು ಏಳುತ್ತದೆ. ಸೆಟ್ಟು ‘ಟಿಕ್... ಟಿಕ್... ಟಿಕ್’ ಎನ್ನುತ್ತಾ ಇರುತ್ತದೆ. ಕಿವಿ ಪಳಗಿದವರು ಮೀಟರ್ ಇಡುವ ಮೊದಲೇ ಆ ಕೆಪಾಸಿಟರಿನ ಕಡೆ ಕೈ ಚಾಚುತ್ತಾರೆ.

ಎದ್ದ ಚಿಪ್ಪು ಮೊದಲು 8ನೆಯ ಕಾಲಿನಲ್ಲಿ 5 ವೋಲ್ಟಿನ ರೆಫರೆನ್ಸನ್ನು ನಿಲ್ಲಿಸುತ್ತದೆ. ಅಲ್ಲಿಂದ ಒಂದು ರೆಸಿಸ್ಟರ್ 4ನೆಯ ಕಾಲಿನ ಕೆಪಾಸಿಟರನ್ನು ತುಂಬುತ್ತದೆ; ಒಂದು ಮಟ್ಟ ಮುಟ್ಟಿದೊಡನೆ ಚಿಪ್ಪು ಅದನ್ನು ಖಾಲಿ ಮಾಡುತ್ತದೆ. ತುಂಬು, ಖಾಲಿ, ತುಂಬು, ಖಾಲಿ. ಇದೇ ತಾಳ. 10 ಕಿಲೋ ಓಮ್, 3.3 ನ್ಯಾನೊಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು 52 ಸಾವಿರ ಬಡಿತ.

ಪ್ರತಿ ಬಡಿತಕ್ಕೂ 6ನೆಯ ಕಾಲು, ಇಲ್ಲಿ ತೂಬಿನ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರನ್ನು ತೆರೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಕರೆಂಟು ಓರೆಗೆರೆಯಾಗಿ ಏರತೊಡಗುತ್ತದೆ. ಮಾಸ್‌ಫೆಟ್ಟಿನ ಕೆಳಗಿರುವ, ಬಹುಮಟ್ಟಿಗೆ ಒಂದು ಓಮಿಗಿಂತ ಕಡಿಮೆ ಬೆಲೆಯ ರೆಸಿಸ್ಟರ್ ಆ ಏರಿಕೆಯನ್ನು ವೋಲ್ಟೇಜಾಗಿ 3ನೆಯ ಕಾಲಿಗೆ ಹೇಳುತ್ತದೆ. ಅತ್ತ ಔಟ್‌ಪುಟ್ಟಿನ ಒಂದು ಪಾಲು 2ನೆಯ ಕಾಲಿಗೆ ಬಂದು 2.5 ವೋಲ್ಟಿನೊಂದಿಗೆ ತಾಳೆಯಾಗಿ, ಈ ಸುತ್ತಿನಲ್ಲಿ ಕರೆಂಟು ಎಲ್ಲಿಯ ತನಕ ಏರಬಹುದು ಎಂಬ ಗೆರೆ ನಿರ್ಧಾರವಾಗುತ್ತದೆ. ಕರೆಂಟು ಆ ಗೆರೆ ಮುಟ್ಟಿದ ಕ್ಷಣ ಕಂಪ್ಯಾರೇಟರ್ ತಿರುಗುತ್ತದೆ, ಲ್ಯಾಚ್ ಬೀಳುತ್ತದೆ, ಮಾಸ್‌ಫೆಟ್ ಮುಚ್ಚುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಕೂಡಿಟ್ಟ ಶಕ್ತಿ ಸೆಕೆಂಡರಿ ಕಡೆಗೆ ಹೋಗುತ್ತದೆ. ಲ್ಯಾಚ್ ಒಮ್ಮೆ ಬಿದ್ದರೆ ಮುಂದಿನ ಬಡಿತದ ತನಕ ಏಳುವುದಿಲ್ಲ. ಹಾಗಾಗಿ ನಡುವೆ ಎಂಥ ಗದ್ದಲದ ಸಿಗ್ನಲ್ ಬಂದರೂ ಒಂದೇ ಸುತ್ತಿನಲ್ಲಿ ಮಾಸ್‌ಫೆಟ್ ಎರಡು ಸಲ ತೆರೆಯುವಂತಿಲ್ಲ. ಗೆರೆ ಎಷ್ಟೇ ಮೇಲೆ ಹೋದರೂ 3ನೆಯ ಕಾಲಿನಲ್ಲಿ 1 ವೋಲ್ಟ್ ದಾಟಲು ಬಿಡುವುದಿಲ್ಲ. ಔಟ್‌ಪುಟ್ ಶಾರ್ಟ್ ಆದರೂ ಮಾಸ್‌ಫೆಟ್ ಉಳಿಯಲಿ ಎಂದು ಮಾಡಿದ ಏರ್ಪಾಡು ಇದು.

ವೋಲ್ಟೇಜು ಕುಸಿದ ಸಂಜೆ ಇಲ್ಲಿ ಏನಾಗುತ್ತದೆ? 230ರ ಬದಲು 115 ವೋಲ್ಟ್ ಬಂದರೆ ಪ್ರೈಮರಿಯ ಕರೆಂಟು ಅರ್ಧ ವೇಗದಲ್ಲಿ ಏರುತ್ತದೆ. ಅದೇ ಗೆರೆ ಮುಟ್ಟಲು ಎರಡರಷ್ಟು ಹೊತ್ತು ಹಿಡಿಯುತ್ತದೆ. ಯಾರೂ ಹೇಳದೆಯೇ ತೂಬು ಎರಡರಷ್ಟು ಹೊತ್ತು ತೆರೆದಿರುತ್ತದೆ, ಅದೂ ಅದೇ ಸುತ್ತಿನಲ್ಲಿ, ಸೆಕೆಂಡಿನ ಲಕ್ಷದ ಕೆಲವು ಪಾಲಿನೊಳಗೆ. ಎಸ್‌ಜಿ1524 ಮಾದರಿಯಲ್ಲಿ ಔಟ್‌ಪುಟ್ ಇಳಿದಮೇಲೆ ಅದನ್ನು ಕಂಡು ತಿದ್ದಬೇಕಿತ್ತು. ಇಲ್ಲಿ ಇಳಿಯುವ ಮೊದಲೇ ತಿದ್ದುಪಡಿ ಆಗಿರುತ್ತದೆ. ಕರೆಂಟನ್ನೇ ನೋಡಿ ಮುಚ್ಚುವ ಈ ಕ್ರಮವನ್ನು ಬೆಲ್ ಲ್ಯಾಬ್ಸ್‌ನ ಸೆಸಿಲ್ ಡೈಶ್ 1978ರ ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಸ್ಟೆಬಿಲೈಸರ್ ಪೆಟ್ಟಿಗೆಯ ಕೆಲಸ ಈ ಎಂಟು ಕಾಲಿನೊಳಗೆ ಸೇರಿಹೋಯಿತು.

ಬೆಂಗಳೂರಿನ ತನಕ

ನೋಡಿ ತಿದ್ದುವ ಯಾವುದೇ ಸರ್ಕ್ಯೂಟಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ತಿದ್ದುಪಡಿ ತಡವಾದರೆ ಅಥವಾ ಅತಿಯಾದರೆ ಔಟ್‌ಪುಟ್ ಓಲಾಡತೊಡಗುತ್ತದೆ. ಕರೆಂಟ್ ನೋಡುವ ಕ್ರಮದಲ್ಲೂ, ತೆರೆದಿರುವ ಹೊತ್ತು ಸುತ್ತಿನ ಅರ್ಧ ದಾಟಿದರೆ ಒಂದು ಏಟು ಅಗಲ, ಮುಂದಿನದು ಕಿರಿದು ಎಂದು ಹೊಯ್ದಾಟ ಶುರುವಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಸಿಳ್ಳೆ ಕೇಳಬಹುದು. ಗರಗಸದ ಅಲೆಯ ಒಂದಿಷ್ಟನ್ನು 3ನೆಯ ಕಾಲಿಗೆ ಬೆರೆಸಿದರೆ ಅದು ನಿಲ್ಲುತ್ತದೆ. ಇಂಥವನ್ನು ಅಂದಾಜಿನಿಂದ ಲೆಕ್ಕಕ್ಕೆ ತಂದವರು ಕ್ಯಾಲ್ಟೆಕ್‌ನ ಮಿಡಲ್‌ಬ್ರೂಕ್ ಮತ್ತು ಸ್ಲೊಬೊಡಾನ್ ಚುಕ್. ತೆರೆದ ಸ್ಥಿತಿ, ಮುಚ್ಚಿದ ಸ್ಥಿತಿ ಎರಡರ ಸಮೀಕರಣಗಳನ್ನೂ ಸಮಯದ ಪಾಲಿಗೆ ತಕ್ಕಂತೆ ಸರಾಸರಿ ಮಾಡುವ ಅವರ ವಿಧಾನ ಬಂದದ್ದು 1976ರಲ್ಲಿ, ಎಸ್‌ಜಿ1524 ಬಂದ ವರ್ಷವೇ. 1980ರ ದಶಕದಲ್ಲಿ ಕ್ಯಾಲ್ಟೆಕ್‌ನಲ್ಲಿ ಸಂಶೋಧನೆ ಮಾಡಿದ ವಿ. ರಾಮನಾರಾಯಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆ ಕಲಿಸಿದರು. ಅವರ ಪಾಠದ ಟಿಪ್ಪಣಿಗಳನ್ನು ದೇಶದ ಎಷ್ಟೋ ಎಂಜಿನಿಯರುಗಳು ಓದಿ ಬೆಳೆದಿದ್ದಾರೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1999ರಲ್ಲಿ ಯುನಿಟ್ರೋಡನ್ನು ಕೊಂಡುಕೊಂಡಿತು. 3842ರ ಮನೆತನದ ಕಂಪನಿಗೆ ಈಗ ನಮ್ಮ ನೆರೆಯಲ್ಲೇ ವಿನ್ಯಾಸ ಕೇಂದ್ರವಿದೆ.

ಈ ಪುಟ್ಟ ಭಾಗದ ಮೇಲೆ ಎಷ್ಟು ದೊಡ್ಡ ಭಾರ ಬೀಳುತ್ತದೆ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರ್ ಆಂಟೆನಾ ಇದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಜೊತೆ ಮಾತಾಡಲು ಕಟ್ಟಿದ್ದು ಅದು. 2009ರ ಆಗಸ್ಟ್ 29ರ ನಡುರಾತ್ರಿ 12 ಗಂಟೆ 25 ನಿಮಿಷದ ತನಕ ಅಲ್ಲಿಗೆ ಮಾಹಿತಿ ಬರುತ್ತಿತ್ತು. ಒಂದೂವರೆಗೆ ಸಂಪರ್ಕ ಕಡಿದುಹೋಯಿತು. ಎರಡು ವರ್ಷವೆಂದು ಹೊರಟ ನೌಕೆ 312 ದಿನ ದುಡಿದು, ಚಂದ್ರನನ್ನು 3,400ಕ್ಕೂ ಹೆಚ್ಚು ಸಲ ಸುತ್ತಿತ್ತು. ವಿಕಿರಣದ ಹೊಡೆತಕ್ಕೆ ಕಂಪ್ಯೂಟರುಗಳ ವಿದ್ಯುತ್ ಪೂರೈಕೆ ಘಟಕ ಸೋತಿತು ಎಂದು ಇಸ್ರೊ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಟಿ.ಕೆ. ಅಲೆಕ್ಸ್ ಆಮೇಲೆ ವಿವರಿಸಿದರು. ಬಾಹ್ಯಾಕಾಶದ ಕಣಗಳು ಸಿಲಿಕಾನಿಗೆ ಬಡಿದರೆ ಟ್ರಾನ್ಸಿಸ್ಟರಿನ ಗೇನ್ ಇಳಿಯುತ್ತದೆ, ಮಾಸ್‌ಫೆಟ್ಟಿನ ಆಕ್ಸೈಡಿನಲ್ಲಿ ಚಾರ್ಜು ಸಿಕ್ಕಿಹಾಕಿಕೊಂಡು ಅದು ತೆರೆಯುವ ಮಟ್ಟವೇ ಸರಿಯುತ್ತದೆ. ಕಂಪ್ಯೂಟರ್ ಎಷ್ಟೇ ಜಾಣವಾಗಿರಲಿ, ಅದಕ್ಕೆ ಉಣಿಸುವ ವೋಲ್ಟೇಜು ನಿಂತರೆ ಅಲ್ಲಿಗೆ ಮುಗಿಯಿತು. ಬಾಹ್ಯಾಕಾಶಕ್ಕೆ ಹೋಗುವ ಭಾಗಗಳನ್ನು ವಿಕಿರಣ ತಾಳುವಂತೆ ಬೇರೆಯಾಗಿಯೇ ರೂಪಿಸಿ ಪರೀಕ್ಷಿಸುವುದು ಇದಕ್ಕೇ.

ನಮ್ಮ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಈ ಚಿಪ್ಪನ್ನು ಬರೀ ಬದಲಿಸುವ ಭಾಗವೆಂದು ನೋಡಬಾರದು ಎಂಬುದು ನನ್ನ ಆಸೆ. ಮಾಡಿ ನೋಡಲು ದೊಡ್ಡ ಖರ್ಚಿಲ್ಲ. 3842ರ ತಮ್ಮ 3843 ಸುಮಾರು 8.4 ವೋಲ್ಟಿಗೇ ಏಳುತ್ತದೆ, 12 ವೋಲ್ಟ್ ಬ್ಯಾಟರಿ ಸಾಕು. ಮೇನ್ಸ್ ಕರೆಂಟಿನ ಹತ್ತಿರ ಹೋಗಲೇಬೇಡಿ. ಪ್ಲಗ್ ಕಿತ್ತಮೇಲೂ 325 ವೋಲ್ಟಿನ ಕೆಪಾಸಿಟರ್ ಜೀವ ತೆಗೆಯಬಲ್ಲದು. 8ನೆಯ ಕಾಲಿನಿಂದ 4ನೆಯ ಕಾಲಿಗೆ 10 ಕಿಲೋ ಓಮ್, 4ರಿಂದ ಗ್ರೌಂಡಿಗೆ 3.3 ನ್ಯಾನೊಫ್ಯಾರಡ್ ಹಾಕಿ, ಆಸಿಲ್ಲೋಸ್ಕೋಪಿನ ಪ್ರೋಬನ್ನು 4ನೆಯ ಕಾಲಿಗೆ ಇಡಿ. 1.72ನ್ನು ಆ ಎರಡು ಬೆಲೆಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಆವರ್ತನವೂ ಪರದೆಯ ಮೇಲಿನ ಗರಗಸವೂ ಹತ್ತಿರಹತ್ತಿರ ಹೊಂದಬೇಕು. ಆಮೇಲೆ ರೆಸಿಸ್ಟರ್ ಬದಲಿಸಿ, ಮುಂದೇನಾಗುತ್ತದೆಂದು ಮೊದಲು ಬರೆದಿಟ್ಟು, ನಂತರ ನೋಡಿ. ಹೀಗೆ ಒಂದೊಂದು ಕಾಲನ್ನೂ ಅಳೆದು ಅರ್ಥ ಮಾಡಿಕೊಂಡವರಿಗೆ, ಮುಂದಿನ ಚಿಪ್ಪು ಹೇಗಿರಬೇಕು ಎಂದು ಕೇಳುವ ಹಕ್ಕು ಬಂದಿರುತ್ತದೆ.